ಹೆಸರಿಗೆ ತಕ್ಕ ಅಧಿಕಾರಿ

1971ರ ಆಗಸ್ಟ್ 24 ಎಂದರೆ ನಮ್ಮ ಅಪ್ಪಂದಿರ ಕಾಲದ ಕ್ರಿಕೆಟ್ ಪ್ರೇಮಿಗಳಿಗೆ ಈಗಲೂ ಹಬ್ಬ. ಅಂದು ಗಣೇಶ ಚತುರ್ಥಿ. ಲಂಡನ್ನಿನ ಓವಲ್ ಮೈದಾನಕ್ಕೆ ಅಲ್ಲಿದ್ದ ಭಾರತೀಯರು ಮೃಗಾಲಯದಿಂದ ಬೇಲಾ ಎಂಬ ಆನೆಯನ್ನೇ ಕರೆತಂದಿದ್ದರು. ಆ ದಿನ ಭಾರತ ಇಂಗ್ಲೆಂಡ್ ನೆಲದಲ್ಲಿ ಮೊದಲ ಟೆಸ್ಟ್ ಗೆದ್ದಿತು, ಜೊತೆಗೆ ಸರಣಿಯನ್ನೂ ಗೆದ್ದಿತು. ಕನ್ನಡಿಗರಾದ ನಮಗೆ ಆ ದಿನ ಎಂದರೆ ಬಿ. ಎಸ್. ಚಂದ್ರಶೇಖರ್, 38 ರನ್‌ಗಳಿಗೆ 6 ವಿಕೆಟ್. ಪೋಲಿಯೊದಿಂದ ಸೊರಗಿದ ಕೈಯಲ್ಲಿ ಚೆಂಡು ತಿರುಗಿಸಿ ಇಂಗ್ಲೆಂಡನ್ನು 101ಕ್ಕೆ ಮಡಿಸಿದ ಆ ಕಥೆಯನ್ನು ನಮ್ಮ ಮನೆಗಳಲ್ಲಿ ಎಷ್ಟು ಸಲ ಕೇಳಿಲ್ಲ!

ಆದರೆ ಆ ಇನಿಂಗ್ಸಿನ ಸ್ಕೋರ್ ಪಟ್ಟಿಯನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಬಿದ್ದ ಹತ್ತು ವಿಕೆಟ್‌ಗಳಲ್ಲಿ ಬೌಲ್ಡ್ ಒಂದು, ಎಲ್‌ಬಿಡಬ್ಲ್ಯು ಒಂದು, ರನ್‌ಔಟ್ ಒಂದು. ಉಳಿದ ಏಳೂ ಕ್ಯಾಚ್! ಅದರಲ್ಲಿ ಒಂದನ್ನು ಹಿಡಿದದ್ದು ಬದಲಿ ಆಟಗಾರನಾಗಿ ಒಳಗೆ ಬಂದಿದ್ದ ಹೈದರಾಬಾದಿನ ಜಯಂತಿಲಾಲ್. ಕೈಗೆ ಬಂದ ಕ್ಯಾಚನ್ನು ಬಿಡುವವರು ಎಂದು ಅದುವರೆಗೆ ಹೆಸರು ಕೆಡಿಸಿಕೊಂಡಿದ್ದ ತಂಡ ನಮ್ಮದು. ಅಂಥ ತಂಡದಲ್ಲಿ ಬದಲಿ ಆಟಗಾರನೂ ಕ್ಯಾಚ್ ಬಿಡಲಿಲ್ಲ ಎಂದರೆ ಅದರ ಹಿಂದೆ ಯಾರೋ ಕೂತು ಕೆಲಸ ಮಾಡಿರಲೇಬೇಕು. ಮಾಡಿದ್ದರು. ಅವರು ಆ ಪ್ರವಾಸದ ಮ್ಯಾನೇಜರ್, ಲೆಫ್ಟಿನೆಂಟ್ ಕರ್ನಲ್ ಹೇಮು ಅಧಿಕಾರಿ. ಹೆಸರಿನಲ್ಲೂ ಅಧಿಕಾರಿ, ವೃತ್ತಿಯಲ್ಲೂ ಅಧಿಕಾರಿ.

ಹೇಮಚಂದ್ರ ರಾಮಚಂದ್ರ ಅಧಿಕಾರಿ ಹುಟ್ಟಿದ್ದು 1919ರ ಜುಲೈ 31ರಂದು, ಪುಣೆಯಲ್ಲಿ. ಹದಿನೇಳನೆಯ ವಯಸ್ಸಿಗೇ, 1936-37ರ ಋತುವಿನಲ್ಲಿ, ಗುಜರಾತ್ ತಂಡಕ್ಕೆ ರಣಜಿ ಆಡಿದರು. ಆಮೇಲೆ ಬರೋಡಾ. ವಿಜಯ ಹಜಾರೆಯಂಥವರಿದ್ದ ಆ ಕಾಲದ ಬರೋಡಾ ಎಂದರೆ ದೇಶದ ಬಲಾಢ್ಯ ತಂಡಗಳಲ್ಲೊಂದು. ಅಲ್ಲಿ ಜಾಗ ಗಿಟ್ಟಿಸಿ ಉಳಿಸಿಕೊಳ್ಳುವುದೇ ಒಂದು ಅರ್ಹತೆ. ಹೇಮು ಬಲಗೈ ದಾಂಡಿಗ, ಅಗತ್ಯ ಬಿದ್ದರೆ ಲೆಗ್‌ಬ್ರೇಕ್ ಹಾಕುವವರು, ಎಲ್ಲಕ್ಕಿಂತ ಮಿಗಿಲಾಗಿ ಕವರ್ ಪ್ರದೇಶದಲ್ಲಿ ಚೆಂಡು ದಾಟಲು ಬಿಡದವರು. ಬ್ಯಾಟ್ ಹಿಡಿದವನೇ ರಾಜ, ಫೀಲ್ಡಿಂಗ್ ಎಂದರೆ ಬ್ಯಾಟಿಂಗ್ ಮುಗಿದ ಮೇಲೆ ಬಿಸಿಲಲ್ಲಿ ಕಳೆಯಬೇಕಾದ ಶಿಕ್ಷೆ ಎಂದು ನಮ್ಮವರು ತಿಳಿದಿದ್ದ ದಿನಗಳವು. ಅಂಥ ಕಾಲದಲ್ಲಿ ಚೆಂಡಿನ ಹಿಂದೆ ಮನಸಾರೆ ಓಡುತ್ತಿದ್ದ ಕೆಲವೇ ಮಂದಿಯಲ್ಲಿ ಅವರೂ ಒಬ್ಬರು.

ಇಷ್ಟೆಲ್ಲ ಇದ್ದೂ ಅವರಿಗೆ ಟೆಸ್ಟ್ ಆಡಲು ಸಿಕ್ಕಿದ್ದು 28ನೆಯ ವಯಸ್ಸಿನಲ್ಲಿ. ಕಾರಣ ಎರಡನೇ ಮಹಾಯುದ್ಧ. 1939-40ರಲ್ಲಿ ಭಾರತಕ್ಕೆ ಬರಬೇಕಿದ್ದ ಇಂಗ್ಲೆಂಡಿನ ಎಂಸಿಸಿ ತಂಡದ ಪ್ರವಾಸ ರದ್ದಾಯಿತು. 1936ರ ಆಗಸ್ಟ್‌ನಿಂದ 1946ರ ಜೂನ್‌ವರೆಗೆ, ಹತ್ತಿರಹತ್ತಿರ ಹತ್ತು ವರ್ಷ, ಭಾರತ ಒಂದೇ ಒಂದು ಟೆಸ್ಟ್ ಆಡಲಿಲ್ಲ. ಹದಿನೇಳರಿಂದ ಇಪ್ಪತ್ತೇಳು! ಆಟಗಾರನೊಬ್ಬನ ಕಾಲಿನಲ್ಲಿ ಕಸುವು, ಕಣ್ಣಿನಲ್ಲಿ ಚುರುಕು ತುಂಬಿ ತುಳುಕುವ ವರ್ಷಗಳು ಹಾಗೆಯೇ ಕಳೆದವು. ಆ ಪೀಳಿಗೆಯ ಎಷ್ಟೋ ಆಟಗಾರರ ಹಣೆಬರಹ ಇದೇ ಆಗಿತ್ತು. ಹೇಮು ಅವರಿಗೆ ಮಾತ್ರ ಯುದ್ಧ ಮುಗಿದ ಮೇಲೂ ಒಂದು ತೊಡಕು ಉಳಿಯಿತು. ಸೇನೆಯ ಕೆಲಸ. ರಜೆ ಸಿಕ್ಕರೆ ಆಟ, ಸಿಗದಿದ್ದರೆ ಇಲ್ಲ. 1947ರಿಂದ 1959ರವರೆಗೆ ಹನ್ನೆರಡು ವರ್ಷಗಳಲ್ಲಿ ಅವರು ಆಡಿದ್ದು 21 ಟೆಸ್ಟ್ ಮಾತ್ರ. ಮಿಕ್ಕ ಪಂದ್ಯಗಳನ್ನು ದೇಶದ ಯಾವುದೋ ಮೂಲೆಯ ಠಾಣೆಯಿಂದ ಕೇಳಿಸಿಕೊಂಡಿರಬೇಕು.

ಮೊದಲ ಟೆಸ್ಟ್ ಬ್ರಿಸ್ಬೇನಿನಲ್ಲಿ, 1947ರ ನವೆಂಬರ್ ಕೊನೆಗೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಮೂರು ತಿಂಗಳಷ್ಟೇ ಆಗಿತ್ತು. ನಾಯಕ ಲಾಲಾ ಅಮರನಾಥ್. ಎದುರಿಗೆ ಬ್ರಾಡ್ಮನ್ನರ ಆಸ್ಟ್ರೇಲಿಯಾ, ಚೆಂಡು ಕೈಯಲ್ಲಿ ಹಿಡಿದ ಲಿಂಡ್ವಾಲ್ ಮತ್ತು ಮಿಲ್ಲರ್. ಸರಣಿ 4-0 ಅಂತರದಲ್ಲಿ ಸೋತೆವು. ಆದರೂ ಅಡಿಲೇಡಿನಲ್ಲಿ ಹಜಾರೆ ಎರಡೂ ಇನಿಂಗ್ಸ್‌ಗಳಲ್ಲಿ ಶತಕ ಹೊಡೆದರಲ್ಲ, ಆ ಎರಡನೇ ಶತಕಕ್ಕೆ ಮತ್ತೊಂದು ತುದಿಯಲ್ಲಿ ಒತ್ತಾಗಿ ನಿಂತು ಅರ್ಧಶತಕ ಗಳಿಸಿದವರು ಹೇಮು. ಇನ್ನೊಬ್ಬರ ದೊಡ್ಡ ಕೆಲಸಕ್ಕೆ ಮಗ್ಗುಲಲ್ಲಿ ನಿಲ್ಲುವ ಈ ಗುಣ ಅವರ ಬದುಕಿನ ಉದ್ದಕ್ಕೂ ಕಾಣುತ್ತದೆ.

ದೆಹಲಿಯ ನಮ್ಮ ಸದಸ್ಯರಿಗೆ ಒಂದು ವಿಷಯ ಖುಷಿ ಕೊಡಬಹುದು. ಹೇಮು ಅವರ ಟೆಸ್ಟ್ ಬದುಕಿನ ಮೂರು ಮುಖ್ಯ ಘಟನೆಗಳು ನಡೆದದ್ದು ನಿಮ್ಮ ಫಿರೋಜ್ ಶಾ ಕೋಟ್ಲಾದಲ್ಲೇ.

ಮೊದಲನೆಯದು 1948ರ ನವೆಂಬರ್. ಸ್ವತಂತ್ರ ಭಾರತ ತನ್ನ ನೆಲದಲ್ಲಿ ಆಡಿದ ಮೊದಲ ಟೆಸ್ಟ್, ದೆಹಲಿಗೂ ಅದೇ ಮೊದಲನೆಯದು. ವೆಸ್ಟ್ ಇಂಡೀಸ್ 631 ರನ್ ರಾಶಿ ಹಾಕಿತು, ಅದರಲ್ಲಿ ನಾಲ್ವರ ಶತಕ. ಅಷ್ಟು ಹೊತ್ತು ಮೈದಾನದಲ್ಲಿ ಓಡಿ ದಣಿದ ತಂಡಕ್ಕೆ ಬ್ಯಾಟ್ ಎತ್ತುವುದೇ ಕಷ್ಟ. ಹೇಮು ಕೊನೆಯವರೆಗೂ ನಿಂತು ಔಟಾಗದೆ 114 ಗಳಿಸಿದರು. ಭಾರತ 454 ಮುಟ್ಟಿತು. ಫಾಲೋಆನ್ ತಪ್ಪಲಿಲ್ಲ, ಆದರೆ ಪಂದ್ಯ ಉಳಿಯಿತು. ಟೆಸ್ಟ್‌ಗಳಲ್ಲಿ ಅವರ ಒಂದೇ ಶತಕ ಇದು.

ಎರಡನೆಯದು 1952ರ ಅಕ್ಟೋಬರ್. ಪಾಕಿಸ್ತಾನದ ಪಾಲಿಗೆ ಅದು ಮೊಟ್ಟಮೊದಲ ಟೆಸ್ಟ್. ದೇಶ ಎರಡಾದ ಐದೇ ವರ್ಷಕ್ಕೆ ಆ ಎರಡೂ ತಂಡಗಳು ಎದುರುಬದುರಾದಾಗ ಮೈದಾನದಲ್ಲಿ ಇದ್ದಿರಬಹುದಾದ ಬಿಗುವನ್ನು ಊಹಿಸಿಕೊಳ್ಳಿ, ಅದೂ ಒಬ್ಬ ಸೈನಿಕನ ಮನಸ್ಸಿನಲ್ಲಿ. 263ಕ್ಕೆ ಒಂಬತ್ತು ವಿಕೆಟ್ ಬಿದ್ದಿತ್ತು. ಕೊನೆಯ ಆಟಗಾರನಾಗಿ ಬಂದವರು ಹೈದರಾಬಾದಿನ ಆಫ್‌ಸ್ಪಿನ್ನರ್ ಗುಲಾಂ ಅಹ್ಮದ್. ಇನ್ನೇನು ಮುಗಿಯಿತು ಎಂದು ಎಲ್ಲರೂ ಎದ್ದು ಹೊರಡುವ ಹೊತ್ತು. ಇಬ್ಬರೂ ಸೇರಿ 109 ರನ್ ಸೇರಿಸಿದರು. ಗುಲಾಂ 50, ಹೇಮು ಔಟಾಗದೆ 81. ಆಮೇಲೆ ವಿನೂ ಮಂಕಡ್ ಎರಡೂ ಇನಿಂಗ್ಸ್ ಸೇರಿ 13 ವಿಕೆಟ್ ಕಿತ್ತರು, ಭಾರತ ಇನಿಂಗ್ಸ್ ಮತ್ತು 70 ರನ್‌ಗಳಿಂದ ಗೆದ್ದಿತು. ಮಂಕಡ್ ಹೆಸರು ಉಳಿಯಿತು. ಕೊನೆಯ ವಿಕೆಟ್ಟಿನ ಆ ಜೊತೆಯಾಟ ದಾಖಲೆ ಪುಸ್ತಕದ ಒಂದು ಸಾಲಾಗಿ ಉಳಿಯಿತು.

ಮೂರನೆಯದಕ್ಕೆ ಬರುವ ಮೊದಲು ಸರ್ವಿಸಸ್ ತಂಡದ ಬಗ್ಗೆ ಹೇಳಬೇಕು. ಬರೋಡಾ ಬಿಟ್ಟ ಮೇಲೆ ಹೇಮು ಆಡಿದ್ದು ಭೂಸೇನೆ, ನೌಕಾಪಡೆ, ವಾಯುಪಡೆಗಳ ಆಟಗಾರರು ಸೇರಿದ ಈ ತಂಡಕ್ಕೆ. ಸರ್ವಿಸಸ್ ತಂಡಕ್ಕೆ ಊರು ಇಲ್ಲ, ತವರು ಪ್ರೇಕ್ಷಕರೂ ಇಲ್ಲ. ಇಂದು ಇಲ್ಲಿದ್ದ ಆಟಗಾರ ನಾಳೆ ವರ್ಗವಾಗಿ ಗಡಿಗೆ ಹೋಗುತ್ತಾನೆ. ಬಾಂಬೆಯಲ್ಲಿ ಗಲ್ಲಿಗೊಬ್ಬ ದಾಂಡಿಗ ಸಿಗುತ್ತಿದ್ದ, ಇಲ್ಲಿ ಇದ್ದವರಲ್ಲೇ ಕಟ್ಟಬೇಕು. ಹೇಮು ನಾಯಕರಾಗಿ ಕಟ್ಟಿದರು. ಪ್ರತಿಭೆಯಲ್ಲಿ ಬಾಂಬೆಯವರನ್ನು ಸರಿಗಟ್ಟಲಾಗದಿದ್ದರೂ ಓಟದಲ್ಲಿ, ಕ್ಯಾಚಿನಲ್ಲಿ, ಮೈ ಬಗ್ಗಿಸಿ ಚೆಂಡು ತಡೆಯುವುದರಲ್ಲಿ ಯಾರಿಗೂ ಕಡಿಮೆಯಾಗಬೇಕಿಲ್ಲ ಎಂಬುದು ಅವರ ಲೆಕ್ಕ. ಬೆಂಗಳೂರಿನಲ್ಲಿ ಹುಟ್ಟಿ ವಾಯುಪಡೆ ಸೇರಿದ್ದ ಆಫ್‌ಸ್ಪಿನ್ನರ್ ವಿ. ಎಂ. ಮುದ್ದಯ್ಯ, ವೇಗಿ ಸುರೇಂದ್ರನಾಥ್ ಇವರೆಲ್ಲ ಆ ಕಾಲದ ಸರ್ವಿಸಸ್ ಆಟಗಾರರು. ಇಬ್ಬರೂ ಮುಂದೆ ಭಾರತಕ್ಕೆ ಆಡಿದರು. 1956-57 ಮತ್ತು 1957-58, ಸತತ ಎರಡು ವರ್ಷ ಸರ್ವಿಸಸ್ ರಣಜಿ ಫೈನಲ್ ತಲುಪಿತು. ಮೊದಲ ಸಲ ಬಾಂಬೆಗೆ, ಎರಡನೇ ಸಲ ಹೇಮು ಅವರದೇ ಹಳೆಯ ತಂಡ ಬರೋಡಾಕ್ಕೆ ಸೋತಿತು. ಕಪ್ ಸಿಗಲಿಲ್ಲ. ಆದರೆ ನನ್ನ ಮಟ್ಟಿಗೆ ಹೇಮು ಎಂಬ ತರಬೇತುದಾರ ಹುಟ್ಟಿದ್ದು ಈ ಎರಡು ಸೋಲುಗಳ ಹಾದಿಯಲ್ಲೇ.

ಈಗ 1959. ವೆಸ್ಟ್ ಇಂಡೀಸ್ ಮತ್ತೆ ಬಂದಿತ್ತು, ಈ ಸಲ ಹಾಲ್ ಮತ್ತು ಗಿಲ್‌ಕ್ರಿಸ್ಟ್ ಎಂಬ ಇಬ್ಬರು ಭೀಕರ ವೇಗಿಗಳ ಜೊತೆ. ಹೆಲ್ಮೆಟ್ ಇಲ್ಲದ ಕಾಲ. ಕಾನ್ಪುರದಲ್ಲಿ 203 ರನ್‌ಗಳ ಸೋಲು, ಕಲ್ಕತ್ತೆಯಲ್ಲಿ ಇನಿಂಗ್ಸ್ ಮತ್ತು 336, ಮದ್ರಾಸಿನಲ್ಲಿ 295. ಮೈದಾನದ ಸೋಲಿಗಿಂತ ಹೊರಗಿನ ಕಥೆ ಇನ್ನೂ ನಾಚಿಕೆಗೇಡು. ಮೊದಲ ಟೆಸ್ಟಿಗೆ ಉಮ್ರಿಗರ್ ನಾಯಕ, ಮುಂದಿನ ಎರಡಕ್ಕೆ ಗುಲಾಂ ಅಹ್ಮದ್. ನಾಲ್ಕನೆಯದಕ್ಕೆ ಮತ್ತೆ ಉಮ್ರಿಗರ್ ಎಂದರು. ತಂಡದ ಆಯ್ಕೆಯ ಜಗಳದಲ್ಲಿ ಅವರು ಪಂದ್ಯದ ಹಿಂದಿನ ದಿನ ರಾಜೀನಾಮೆ ಕೊಟ್ಟರು, ಮಂಕಡ್ ಮುನ್ನಡೆಸಿದರು. ಐದನೆಯದಕ್ಕೆ ಯಾರು? ಕುರ್ಚಿ ಆಟದ ಕೊನೆಗೆ ಉಳಿದ ಕುರ್ಚಿ ಸೇನೆಯ ಅಧಿಕಾರಿಯೊಬ್ಬರ ಪಾಲಿಗೆ ಬಂತು. ಆಗ ಅವರಿಗೆ 39 ವರ್ಷ. ಆ ಸರಣಿಯ ಮೊದಲ ನಾಲ್ಕು ಪಂದ್ಯಗಳಲ್ಲಿ ಅವರು ಆಡಿರಲೇ ಇಲ್ಲ.

ಕರೆ ಬಂದಾಗ ಅವರು ಧರ್ಮಶಾಲಾದಲ್ಲಿ ಕರ್ತವ್ಯದಲ್ಲಿದ್ದರು, ಮೊದಲು ಒಲ್ಲೆ ಎಂದರು, ಒಪ್ಪಿಸಿದವರು ಅವರ ಹೆಂಡತಿ ಎಂದು ಕ್ರಿಕೆಟ್ ಬಲ್ಲವರು ಹೇಳಿಕೊಂಡು ಬಂದಿದ್ದಾರೆ. ಆ ಮಾತುಕತೆ ಹೇಗೆ ನಡೆಯಿತೋ ಯಾರೂ ಬರೆದಿಟ್ಟಂತಿಲ್ಲ. ಆದರೆ ಗಂಡನ ಲೆಕ್ಕಾಚಾರ ಊಹಿಸುವುದು ಕಷ್ಟವಲ್ಲ. ಮೂರು ಸೋತ ಸರಣಿ, ಒಡೆದ ತಂಡ, ಗೆದ್ದರೂ ಹೆಸರಿಲ್ಲ, ಸೋತರೆ ತಲೆಗೆ ಕಟ್ಟುವುದು ಗ್ಯಾರಂಟಿ. ಹೆಂಡತಿ ಆ ಲೆಕ್ಕದ ಆಚೆಗೆ ನೋಡಿದರು ಅನ್ನಿಸುತ್ತದೆ. ನಮ್ಮ ಮಹಿಳಾ ವೇದಿಕೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೋಟ್ಲಾದಲ್ಲಿ ಫೆಬ್ರವರಿ 6ರಂದು ಪಂದ್ಯ ಶುರುವಾಯಿತು. ಹೇಮು 63 ಮತ್ತು 40 ಗಳಿಸಿದರು. ಚಂದು ಬೋರ್ಡೆ 109 ಮತ್ತು 96. ಮೊದಲ ಟೆಸ್ಟ್ ಆಡುತ್ತಿದ್ದ ಗಿಡ್ಡ ವೇಗಿ ರಮಾಕಾಂತ ದೇಸಾಯಿ ಕೈಗೆ ಚೆಂಡು ಕೊಟ್ಟ ನಾಯಕ ಅವರಿಂದ 49 ಓವರ್ ಹಾಕಿಸಿದರು. 169 ರನ್ ಹೋದರೂ 4 ವಿಕೆಟ್ ಬಂತು. ಸಾಲದೆಂದು ತಾವೂ ಬೌಲಿಂಗ್‌ಗೆ ಇಳಿದು 3 ವಿಕೆಟ್ ತೆಗೆದರು. ತಮಾಷೆಯೆಂದರೆ ಹೇಮು ಅವರ ಇಡೀ ಟೆಸ್ಟ್ ಬದುಕಿನ ವಿಕೆಟ್‌ಗಳೇ ಮೂರು, ಮೂರೂ ಈ ಕೊನೆಯ ಪಂದ್ಯದಲ್ಲೇ! ಎದುರಾಳಿ 8 ವಿಕೆಟ್‌ಗೆ 644 ಹೊಡೆದಿದ್ದರೂ ಪಂದ್ಯ ಡ್ರಾ ಆಯಿತು. ಸರಣಿಯುದ್ದಕ್ಕೂ ಬಿದ್ದಿದ್ದ ತಂಡ ಕೊನೆಗೆ ಎದ್ದು ನಿಂತಿತು. ಬಹುಮಾನ? ಅದೇ ವರ್ಷದ ಇಂಗ್ಲೆಂಡ್ ಪ್ರವಾಸಕ್ಕೆ ನಾಯಕರಾಗಿ ಹೋದವರು ದತ್ತಾ ಗಾಯಕ್ವಾಡ್, ಐದಕ್ಕೆ ಐದೂ ಸೋತೆವು. ಹೇಮು ಅವರ ಟೆಸ್ಟ್ ಲೆಕ್ಕ 872 ರನ್, ಸರಾಸರಿ 31ಕ್ಕೆ ಚೂರು ಮೇಲೆ, ಅಲ್ಲಿಗೇ ಮುಗಿಯಿತು.

ಎಲ್ಲರೂ ಮನೆಗೆ ಮರಳುವ ಆ ವಯಸ್ಸಿನಲ್ಲಿ ಅವರ ನಿಜವಾದ ಇನಿಂಗ್ಸ್ ಶುರುವಾಯಿತು ಎನ್ನಬೇಕು. ಶಾಲಾ ಹುಡುಗರ, ಕಿರಿಯರ ತರಬೇತಿ ಶಿಬಿರಗಳು. ಬೆಳಗಾಗುವ ಮೊದಲೇ ಮೈದಾನ, ಓಟ, ಕಸರತ್ತು, ಕೈ ಉರಿಯುವ ತನಕ ಕ್ಯಾಚ್. ಬ್ಯಾಟ್ ಮುಟ್ಟುವುದು ಅದಾದ ಮೇಲೆ. ತಡವಾಗಿ ಬಂದವನಿಗೆ, ಬೂಟು ಕೊಳೆಯಾದವನಿಗೆ ರಿಯಾಯಿತಿ ಇಲ್ಲ. ಹುಡುಗರಿಗೆ ಆಗ ಅವರು ಯಮನಂತೆ ಕಂಡಿರಬೇಕು. ಆ ಶಿಬಿರಗಳಲ್ಲಿ ಅವರ ಕೈಕೆಳಗೆ ಪಳಗಿದವರಲ್ಲಿ ಸುನಿಲ್ ಗಾವಸ್ಕರ್, ನಮ್ಮ ಸೈಯದ್ ಕಿರ್ಮಾನಿ, ಕಪಿಲ್ ದೇವ್, ರವಿ ಶಾಸ್ತ್ರಿ ಇದ್ದಾರೆ. 1983ರ ವಿಶ್ವಕಪ್ ಗೆದ್ದ ತಂಡದಲ್ಲಿ ಈ ನಾಲ್ವರೂ ಇದ್ದರು. ಕಿರ್ಮಾನಿಯವರ ಕೀಪಿಂಗ್ ಕೈಗಳನ್ನು ನೋಡಿ ಬೆಳೆದ ಬೆಂಗಳೂರಿನವರಿಗೆ ಇಲ್ಲೊಂದು ಋಣದ ಎಳೆ ಇದೆ.

ಫೀಲ್ಡಿಂಗ್ ಬಗ್ಗೆ ಅವರಿಗೆ ಯಾಕಿಷ್ಟು ಹಟ? ಇದಕ್ಕೆ ಗಟ್ಟಿ ಕಾರಣವಿತ್ತು. ಅರವತ್ತರ ದಶಕದ ಭಾರತದಲ್ಲಿ ವೇಗದ ಬೌಲರ್‌ಗಳಿಗೆ ಬರ. ಇದ್ದದ್ದು ಸ್ಪಿನ್: ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್. ವೇಗಿ ಸ್ಟಂಪ್ ಹಾರಿಸಬಲ್ಲ, ಯಾರ ನೆರವೂ ಬೇಡ. ಸ್ಪಿನ್ನರ್ ಹಾಗಲ್ಲ. ಅವನು ಮೋಸಗೊಳಿಸಿದ ಚೆಂಡು ಬ್ಯಾಟಿಗೋ ಪ್ಯಾಡಿಗೋ ತಾಗಿ ನಾಲ್ಕಡಿ ದೂರದಲ್ಲಿ ಮೆತ್ತಗೆ ಚಿಮ್ಮುತ್ತದೆ. ಅಲ್ಲಿ ಕೈಯೊಡ್ಡಿ ಕೂತವನು ಇದ್ದರೆ ವಿಕೆಟ್, ಇಲ್ಲದಿದ್ದರೆ ಬರೀ ಒಂದು ಡಾಟ್ ಬಾಲ್. ಅಂದರೆ ನಮ್ಮ ದೇಶದ ಅತಿ ದೊಡ್ಡ ಆಸ್ತಿ, ನಾಲ್ವರು ಸ್ಪಿನ್ನರ್‌ಗಳು, ದಾಂಡಿಗನ ಮೂಗಿನ ಕೆಳಗೆ ನಿಲ್ಲುವ ಎರಡು ಮೂರು ಧೈರ್ಯವಂತರ ಕೈಯಲ್ಲಿತ್ತು. ನಾಲ್ವರನ್ನು ದೇಶ ಹೊಗಳುತ್ತಿತ್ತು, ಆ ಕೈಗಳ ಬಗ್ಗೆ ಯೋಚಿಸುವವರು ಕಡಿಮೆ. ನಮ್ಮ ಸಾಫ್ಟ್‌ವೇರ್ ಕಚೇರಿಗಳಲ್ಲಿ ಟೆಸ್ಟಿಂಗ್ ಮಾಡುವವರ ಪಾಡೂ ಇದೇ. ಎಲ್ಲ ಸರಿಯಾಗಿ ನಡೆದಾಗ ಅವರನ್ನು ಯಾರೂ ನೆನೆಯುವುದಿಲ್ಲ, ಒಂದು ತಪ್ಪು ನುಸುಳಿದರೆ ಮೊದಲ ಫೋನ್ ಅವರಿಗೇ.

1971ರಲ್ಲಿ ಅಜಿತ್ ವಾಡೇಕರ್ ತಂಡದ ಜೊತೆ ಇಂಗ್ಲೆಂಡಿಗೆ ಹೊರಟಾಗ ಕರ್ನಲ್ ಆ ಲೆಕ್ಕವನ್ನು ಜೊತೆಗೇ ಒಯ್ದರು. ಇಂಗ್ಲೆಂಡ್ ಅದಕ್ಕೂ ಮೊದಲು 26 ಟೆಸ್ಟ್ ಸೋತಿರಲಿಲ್ಲ. ನಾವು 1932ರಿಂದ ಅಲ್ಲಿಗೆ ಹೋಗುತ್ತಿದ್ದರೂ ಒಂದೂ ಗೆದ್ದಿರಲಿಲ್ಲ. ಕನ್ನಡಿಗರು ನಾಲ್ವರಿದ್ದರು: ವಿಶ್ವನಾಥ್, ಪ್ರಸನ್ನ, ಚಂದ್ರ, ಬದಲಿ ಕೀಪರ್ ಕಿರ್ಮಾನಿ. (ಪ್ರಸನ್ನರಿಗೆ ಮೂರರಲ್ಲಿ ಒಂದು ಟೆಸ್ಟೂ ಸಿಗಲಿಲ್ಲ ಎಂಬುದು ಬೇರೆ ಮಾತು. ಇದನ್ನು ಈಗಲೂ ಬೆಂಗಳೂರಿನಲ್ಲಿ ಯಾರ ಎದುರಿಗಾದರೂ ಎತ್ತಿ ನೋಡಿ!) ಚಂದ್ರ ಹಿಂದಿನ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಆಯ್ಕೆಯೇ ಆಗಿರಲಿಲ್ಲ.

ಲಾರ್ಡ್ಸ್ ಡ್ರಾ, ಓಲ್ಡ್ ಟ್ರ್ಯಾಫರ್ಡ್ ಡ್ರಾ. ಓವಲ್ಲಿನಲ್ಲಿ ಮೊದಲ ಇನಿಂಗ್ಸಿನಲ್ಲಿ 71 ರನ್ ಹಿಂದೆ ಬಿದ್ದೆವು. ನಾಲ್ಕನೇ ದಿನ ಚಂದ್ರ ಚೆಂಡು ಹಿಡಿದರು. ಎಡ್ರಿಚ್ ಬೌಲ್ಡ್. ಫ್ಲೆಚರ್ ಬಂದ ಮೊದಲ ಚೆಂಡಿಗೇ ಶಾರ್ಟ್ ಲೆಗ್‌ನಲ್ಲಿ ಸೋಲ್ಕರ್ ಕೈಗೆ ಕ್ಯಾಚ್. ಬಳಿಕ ಅಲನ್ ನಾಟ್, ಆ ಸರಣಿಯಲ್ಲಿ ನಮ್ಮನ್ನು ಕಾಡಿದ ಗಟ್ಟಿಗ. ವೆಂಕಟ್ ಎಸೆತದಲ್ಲಿ ಚೆಂಡು ಮುಂದೆ ಚಿಮ್ಮಿದ್ದೇ ತಡ, ಏಕನಾಥ ಸೋಲ್ಕರ್ ಮುಂದಕ್ಕೆ ಹಾರಿ ನೆಲಕ್ಕೆ ಎದೆಯೂರಿ ಹಿಡಿದರು. ನಾಟ್ ಬ್ಯಾಟಿನ ಕೆಳಗೇ ಸೋಲ್ಕರ್ ಚಾಚಿಕೊಂಡು ಬಿದ್ದಿರುವ ಆ ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ತಲೆಗೆ ಹೆಲ್ಮೆಟ್ ಇಲ್ಲ, ಕಾಲಿಗೆ ಗಾರ್ಡ್ ಇಲ್ಲ. ಇಂಗ್ಲೆಂಡ್ 101. ವಾಡೇಕರ್, ಸರ್ದೇಸಾಯಿ, ವಿಶ್ವನಾಥ್, ಎಂಜಿನಿಯರ್ ಸೇರಿ ಗುರಿಯ ಹತ್ತಿರ ತಂದರು, ಹೈದರಾಬಾದಿನ ಆಬಿದ್ ಅಲಿ ಗೆಲುವಿನ ಹೊಡೆತ ಹೊಡೆದರು, 4 ವಿಕೆಟ್ ಜಯ. ಪೆವಿಲಿಯನ್ನಿನಲ್ಲಿ ಕೂತ ಮ್ಯಾನೇಜರಿಗೆ ಅಂಕಪಟ್ಟಿಯಲ್ಲಿ ಕಾಲಂ ಇರುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚಂದ, ಆದರೆ ಪೂರ್ತಿಯಾಗುವುದಿಲ್ಲ. 1974ರಲ್ಲಿ ಅದೇ ಇಂಗ್ಲೆಂಡಿಗೆ, ಅದೇ ವಾಡೇಕರ್ ಜೊತೆ, ಅದೇ ಕರ್ನಲ್ ಮತ್ತೆ ಮ್ಯಾನೇಜರಾಗಿ ಹೋದರು. ಮೂರೂ ಟೆಸ್ಟ್ ಸೋತೆವು. ಲಾರ್ಡ್ಸ್‌ನಲ್ಲಿ ಎರಡನೇ ಇನಿಂಗ್ಸ್ ಹದಿನೇಳು ಓವರ್‌ಗಳಲ್ಲಿ 42ಕ್ಕೆ ಮುಗಿದುಹೋಯಿತು. ತಂಡದೊಳಗೆ ಮನಸ್ತಾಪ, ಗುಂಪುಗಾರಿಕೆ. ಭಾರತದ ಹೈಕಮಿಷನರ್ ಮನೆಯ ಔತಣಕ್ಕೆ ತಂಡ ತಡವಾಗಿ ಹೋಗಿ ಬಾಗಿಲಲ್ಲೇ ಮುಖಭಂಗ ಅನುಭವಿಸಿತು. ಒಂದು ನಿಮಿಷ ತಡವನ್ನೂ ಸಹಿಸದ ಸೈನಿಕನ ತಂಡಕ್ಕೆ ಈ ಗತಿ! ಶಿಬಿರದ ಹುಡುಗರಿಗೆ ಒಗ್ಗಿದ ಗತ್ತು, ಗೆದ್ದು ಹೆಸರು ಮಾಡಿದ ಮೂವತ್ತರ ಗಂಡಸರಿಗೆ ಒಗ್ಗಲಿಲ್ಲ ಎಂದು ಓದುವಾಗ ಅನ್ನಿಸಿತು. ಇಂಗ್ಲೆಂಡಿನ ಚಳಿ, ಒದ್ದೆ ಪಿಚ್, ಎದುರಾಳಿಗಳ ಸ್ವಿಂಗ್ ಬೌಲಿಂಗ್ ಎಲ್ಲವೂ ಕಾರಣಗಳೇ. ಆದರೂ ಮನಸ್ಸು ಒಡೆದ ತಂಡವನ್ನು ಕಸರತ್ತಿನಿಂದ ಕೂಡಿಸಲಾಗದು ಎಂಬುದನ್ನು ಆ ಬೇಸಗೆ ಕರ್ನಲ್ಲರಿಗೂ ತೋರಿಸಿರಬೇಕು. ಮೂರು ವರ್ಷದ ಹಿಂದೆ ಅವರಿಗೆ ಬರದ ಹೊಗಳಿಕೆಗೆ ಬದಲಾಗಿ ಈ ಸಲ ಬೈಗುಳದಲ್ಲಿ ಪಾಲು ಧಾರಾಳವಾಗಿಯೇ ಬಂತು.

ಅವರು ಕಿರಿಯರ ಶಿಬಿರಗಳನ್ನು ಬಿಡಲಿಲ್ಲ. ಕಪಿಲ್ ಆಗಿನ್ನೂ ಚಂಡೀಗಡದ ಹದಿಹರೆಯದ ಹುಡುಗ, ಶಾಸ್ತ್ರಿ ಮುಂಬೈನ ಶಾಲಾ ಬಾಲಕ. ಅವರೆಲ್ಲ ಕರ್ನಲ್ಲರ ಕೈಗೆ ಸಿಕ್ಕಿದ್ದು 42ರ ಅವಮಾನದ ಸುತ್ತಮುತ್ತಲಿನ ವರ್ಷಗಳಲ್ಲಿ, ಆಮೇಲಿನ ವರ್ಷಗಳಲ್ಲಿ.

2003ರ ಅಕ್ಟೋಬರ್ 25ರಂದು ಮುಂಬೈನಲ್ಲಿ, 84ನೆಯ ವಯಸ್ಸಿನಲ್ಲಿ, ಹೇಮು ಅಧಿಕಾರಿ ತೀರಿಕೊಂಡರು. ಆ ದಿನಕ್ಕೂ ಭಾರತದ ಪರ ಕೊನೆಯ ವಿಕೆಟ್ಟಿನ ಅತಿ ದೊಡ್ಡ ಜೊತೆಯಾಟ ಅವರದೇ, ಗುಲಾಂ ಅಹ್ಮದ್ ಜೊತೆಗಿನ 109. ಅದನ್ನು ಮುಂದಿನ ವರ್ಷ, 2004ರ ಡಿಸೆಂಬರಿನಲ್ಲಿ, ಢಾಕಾದಲ್ಲಿ ಸಚಿನ್ ತೆಂಡೂಲ್ಕರ್ ಮತ್ತು ಜಹೀರ್ ಖಾನ್ 133 ರನ್ ಸೇರಿಸಿ ಮುರಿದರು.